ಮಸ್ಕತ್ತನ್ನು ಕೇಳಬೇಡ

ಸೊಹಾರಿನಲ್ಲಿ ಕಡಲಿನ ಉಪ್ಪು ಕಳೆಯುವ ಕಾರ್ಖಾನೆ,
ನನಗೆ ರಾತ್ರಿಪಾಳಿ.
ಒಂದು ಕೊಳವೆಯಲ್ಲಿ ಕಡಲು ಒಳಗೆ ಬರುತ್ತದೆ,
ಇನ್ನೊಂದರಲ್ಲಿ ಕುಡಿಯುವ ನೀರಾಗಿ ಊರಿಗೆ ಹೋಗುತ್ತದೆ.
ನಾನು ಕಾಯುವುದು ನೀರನ್ನಲ್ಲ,
ನೀರಿನ ವಿಷಯ ಯಂತ್ರಗಳು ಆಡಿಕೊಳ್ಳುವ ಮಾತನ್ನು.

ಅವಕ್ಕೆ ಹೆಸರಿಲ್ಲ, ಬರೀ ಅಂಕಿ.
ಹತ್ತು ಚುಕ್ಕಿ ಸೊನ್ನೆ ಚುಕ್ಕಿ ನಾಲ್ಕು ಚುಕ್ಕಿ ಹದಿನೇಳು
ಬಂದು ಬಾಗಿಲು ತಟ್ಟಿದರೆ
ನಮ್ಮ ಸರ್ವರ್ ತಟ್ಟನೆ ತೆರೆಯುವ ಪೈಕಿಯಲ್ಲ.
"ಇದು ಯಾರು?" ಎಂದು ಮಸ್ಕತ್ತಿಗೆ ಕೇಳಿ ಕಳಿಸುತ್ತದೆ,
ಉತ್ತರ ಬರುವ ತನಕ
ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತದೆ.

ಗುರುವಾರ ಸಂಜೆ ಬಾತಿನಾ ಹೆದ್ದಾರಿಯಲ್ಲಿ
ಯಾವನೋ ಜೆಸಿಬಿಯವ ಕೇಬಲ್ ಕಡಿದ.
ಮಸ್ಕತ್ ಮಾತು ಬಿಟ್ಟಿತು.
ಐದು ಸೆಕೆಂಡು ಕಾದು, ಮತ್ತೆ ಕೇಳಿ, ಮತ್ತೆ ಐದು;
ಹೊಸ್ತಿಲಾಚೆ ಪಂಪುಗಳ ಸರತಿ ಬೆಳೆಯಿತು,
ಸೀಮೆಎಣ್ಣೆಗೆ ನಿಂತವರ ಹಾಗೆ.
ರಿಪೇರಿಯವರು ಬರುವುದು ಭಾನುವಾರ.

ಗೋಡೆಯಾಚೆ ನಲವತ್ತು ಹೆಜ್ಜೆಗೆ ಗುರುಗುಡುವ ಪಂಪು,
ಅದರ ಹೆಸರನ್ನು
ಇನ್ನೂರು ಕಿಲೋಮೀಟರ್ ದೂರದವರು ಹೇಳಬೇಕೆ?

"ಸುಗಂಧಿ, ದಾದ್ ಮುರಾದ್ ಒಂದು ಪಟ್ಟಿ ಮಾಡಿದ್ದ," ಎಂದ ಖಲ್ಫಾನ್,
ಲೋಟದ ತಳದ ಸಕ್ಕರೆ ಕಲಕುತ್ತ.
ದಾದ್ ಮುರಾದ್, ನನಗಿಂತ ಮುಂಚೆ ಈ ಕುರ್ಚಿ ಸವೆಸಿದವ,
ಲಿವಾದ ಬಲೂಚಿ, ಬಲೆಯವರ ಮಗ,
ಈಗ ಜುಬೈಲಿನಲ್ಲಿ.

ಹಳೆಯ ಡಿಸ್ಕಿನಲ್ಲಿ ಸಿಕ್ಕಿತು, ಸಣ್ಣ ಕಡತ.
ಸಾಲಿಗೊಂದು ಅಂಕಿ, ಒಂದಿಷ್ಟು ಜಾಗ, ಒಂದು ಹೆಸರು.
ಮೊದಲ ಸಾಲು ಸರ್ವರಿನದೇ,
ತಾನು ಯಾರೆಂದು ತನಗೆ ಮರೆಯದ ಹಾಗೆ.
ಆಮೇಲೆ, ಹದಿನೈದು ಶೇರಿ,
ಹದಿನಾರು ಕನದ್,
ಹದಿನೇಳು ಉಮಾ.

ಉಮಾ! ಯಾರಪ್ಪ ಈಕೆ?
ನಾಲ್ಕು ಸೆಕೆಂಡಿಗೊಮ್ಮೆ ಬಾಗಿಲು ಬಡಿಯುವವಳು?
ಪಾಪ, ಬಿಟ್ಟುಹೋದ ಗೆಳತಿಯೋ ಏನೋ ಅಂದುಕೊಂಡೆ.
ಖಲ್ಫಾನ್ ನಕ್ಕ ರಭಸಕ್ಕೆ ಚಹಾ ಕೀಬೋರ್ಡಿಗೆ ಬಿತ್ತು.
"ಊಮಾ, ಊಮಾ! ಮೀನು! ಇಷ್ಟುದ್ದ, ಬೆಳ್ಳಿ ಹೊಟ್ಟೆ,
ಒಣಗಿಸಿ ಒಂಟೆಗೂ ಹಾಕುತ್ತೇವೆ!"
ಅಯ್ಯೋ, ಬೂತಾಯಿ.

ಪಟ್ಟಿಯನ್ನು ತಂದು ಸರ್ವರಿನ ಮಡಿಲಿಗೆ ಹಾಕಿ ಹೇಳಿದೆ:
ಮೊದಲು ಇದನ್ನು ನೋಡು.
ಇದರಲ್ಲಿ ಇಲ್ಲದಿದ್ದರೆ ಮಾತ್ರ ಮಸ್ಕತ್ತನ್ನು ಕೇಳು.
ಸರತಿ ಕರಗಿತು. ಪರದೆಯ ತುಂಬ ಮೀನು ಹರಿಯಿತು.

ಇಪ್ಪತ್ತೊಂದಕ್ಕೆ ಮಾತ್ರ ಹೆಸರಿರಲಿಲ್ಲ.
ಒಂದು ಬೇಲಿಯ ಗುರುತು, ಅದರಾಚೆ
ಯಂತ್ರ ಓದದೆ ದಾಟಿಹೋಗುವ ಮಾತು:
'ಅಪ್ಪನನ್ನು ಕೇಳಿ ಬರೆಯುವೆ.'

ಟಾರ್ಚು ಹಿಡಿದು ಹುಡುಕಿದೆ. ಜೆಟ್ಟಿಯ ತುದಿಯಲ್ಲಿ
ಗಾಳಿ ಅಳೆಯುವ ಕಂಬ, ತುಕ್ಕು ತಿಂದ ಡಬ್ಬ,
ತಿರುಗುವಾಗ ಒಂದೇ ಸಮ ಕರಕರ.
ಜುಬೈಲಿಗೆ ಫೋನು ಮಾಡಿದೆ.
"ಕೇಳಲಾಗಲಿಲ್ಲ," ಎಂದ ದಾದ್ ಮುರಾದ್,
"ರಂಜಾನಿಗೆ ಊರಿಗೆ ಹೋಗುವಷ್ಟರಲ್ಲಿ ಅಪ್ಪ ಇರಲಿಲ್ಲ.
ದೋಣಿಯಲ್ಲಿ ಬಿದ್ದ ಮೇಲೂ ಗೊಣಗುವ ಒಂದು ಮೀನು,
ಆ ಡಬ್ಬದ ಹಾಗೆಯೇ.
ಅದಕ್ಕೆ ಅವರೊಂದು ಹೆಸರು ಹೇಳುತ್ತಿದ್ದರು."

ಆ ಮೀನು ನನಗೆ ಗೊತ್ತು.
ಪಡುಬಿದ್ರೆಯಲ್ಲಿ ಅಮ್ಮ ಅದನ್ನು ಬುಟ್ಟಿಗೆ ಹಾಕುವಾಗ
"ಸಾಕು ಮಾರಾಯ್ತಿ, ಸುಮ್ಮನಿರು" ಅನ್ನುತ್ತಿದ್ದಳು.
ಅವನ ಅಪ್ಪ ಹೇಳುತ್ತಿದ್ದ ಹೆಸರು ಇದಲ್ಲ.
ಆದರೂ ಬರೆದೆ: ಕೊಡ್ಡಾಯಿ.
ಬೇಲಿಯಾಚೆಯ ಮಾತನ್ನು ಅಳಿಸಲಿಲ್ಲ.

ಭಾನುವಾರ ಕೇಬಲ್ ಸರಿಯಾಯಿತು.
ಮಸ್ಕತ್ತಿನಿಂದ ಮೊದಲ ಪ್ರಶ್ನೆ:
ಇಪ್ಪತ್ತೊಂದು ಯಾರು? ನಮ್ಮ ದಾಖಲೆಯಲ್ಲಿಲ್ಲ.
ಖಲ್ಫಾನ್ ಉತ್ತರ ಬರೆಯಲು ಕೂತ,
ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತ.
"ಆ ನಡುವಿನದ್ದು," ಎಂದ, "ಡ್ಡಾ,
ಅದನ್ನು ಇನ್ನೊಂದು ಸಲ ಹೇಳು."